ದಿನಾ ಜೊತೆಗಿಡೋ ಸಣ್ಣ ರಿವಾಲ್ವರ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನೆಹರೂ ಗಂಜಿನ ಅಡತಿ ಅಂಗಡಿಗಳಲ್ಲಿ, ಬೀದರಿನ ಸರಾಫರಲ್ಲಿ, ಯಾದಗಿರಿ ಕಡೆಯ ಗುತ್ತಿಗೆದಾರರಲ್ಲಿ ಲೈಸೆನ್ಸ್ ಇರುವವರೂ ಇದ್ದಾರೆ, ಮಾಡಿಸಬೇಕು ಅನ್ನುವವರೂ ಇದ್ದಾರೆ. ಇವರು ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳುವುದನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಶುರುವಿನ ಪ್ರಶ್ನೆಗಳು ಮೊದಲು, ಪಳಗಿದವರು ಕೇಳುವಂಥವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ನಡೆದೀತು.

## ಕೊಳ್ಳುವ ಮೊದಲು

ರಿವಾಲ್ವರ್ ತಗೋಬೇಕಂತ ಮಾಡೀನಿ. ಮೊದಲ ಅಂಗಡಿಗೆ ಹೋಗಿ ನೋಡ್ಲೇನ್ರಿ?

ನೋಡಲು ಅಡ್ಡಿಯಿಲ್ಲ, ಆದರೆ ಲೈಸೆನ್ಸ್ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಮೊದಲು ಲೈಸೆನ್ಸ್, ಆಮೇಲೆ ಖರೀದಿ. ವಯಸ್ಸು 21 ತುಂಬಿರಬೇಕು. ಜಿಲ್ಲೆಯಲ್ಲಿ ಅಧಿಕಾರ ಜಿಲ್ಲಾಧಿಕಾರಿಯದು. ಪೊಲೀಸ್ ಕಮಿಷನರ್ ಇರುವ ಕಲಬುರಗಿ ನಗರದಲ್ಲಿ ಕಮಿಷನರರದು. ಅರ್ಜಿ ಎ-1 ನಮೂನೆಯಲ್ಲಿ. ಜೊತೆಗೆ ಗುರುತು ಮತ್ತು ವಿಳಾಸದ ದಾಖಲೆ, ದೇಹ ಮತ್ತು ಮನಸ್ಸು ಸ್ವಸ್ಥವಾಗಿದೆ ಎಂಬ ವೈದ್ಯರ ಪ್ರಮಾಣಪತ್ರ, ಆಯುಧ ಸುರಕ್ಷತಾ ತರಬೇತಿ ಇವೆಲ್ಲ ಬರುತ್ತವೆ. ನಿಮ್ಮ ಠಾಣೆಯಿಂದ ವರದಿ ಹೋಗುತ್ತದೆ. ಪೇದೆ ಮನೆಗೆ ಬಂದು ಅಕ್ಕಪಕ್ಕದವರನ್ನು ವಿಚಾರಿಸಿದರೆ ಅದನ್ನು ಅವಮಾನ ಅಂದುಕೊಳ್ಳಬೇಡಿ, ಆ ವರದಿಯ ಮೇಲೆಯೇ ಎಲ್ಲ ನಿಂತಿರುತ್ತದೆ.

ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಮೇಲ್ಮನವಿಗೆ 30 ದಿನ ಕಾಲಾವಕಾಶ ಇದೆ. ಆದೇಶದ ಪ್ರತಿ ಸಿಕ್ಕ ದಿನವೇ ವಕೀಲರ ಹತ್ತಿರ ಹೋಗಿ.

ಹೊಲಕ್ಕ ಕಾಡಹಂದಿ ಬರ್ತಾವ, ತೋಟದ ಮನಿಯೊಳಗ ಒಬ್ರೇ ಇರ್ತೀವಿ. ಇದಕ್ಕ ರಿವಾಲ್ವರ್ ಕೊಡ್ತಾರೇನು?

ಹಂದಿಯ ಕಾರಣಕ್ಕೆ ಕೊಡುವುದಿಲ್ಲ, ಕೊಡಲೂಬಾರದು. ಕಾಯ್ದೆಯ 13ನೇ ಕಲಮು ಎರಡು ಬಗೆ ಮಾಡಿದೆ. ಬೆಳೆ ಕಾಯಲು ಮುಂದಿನಿಂದ ಮದ್ದು ತುಂಬುವ ಬಂದೂಕು, ರಕ್ಷಣೆಗೆ ಉದ್ದ ನಳಿಕೆಯ ಸಾದಾ ಬಂದೂಕು ಒಂದು ಬಗೆ. ರಿವಾಲ್ವರಿನಂಥದ್ದು ಇನ್ನೊಂದು ಬಗೆ; ಅದಕ್ಕೆ ಅಧಿಕಾರಿಗೆ ಒಪ್ಪಿಗೆಯಾಗುವ ಗಟ್ಟಿ ಕಾರಣ ತೋರಿಸಬೇಕು. ಬೆದರಿಕೆ ಬಂದಿದ್ದರೆ ಅದರ ದೂರಿನ ಪ್ರತಿ, ನಗದು ಸಾಗಿಸುವ ಧಂದೆಯಾದರೆ ಅದರ ಲೆಕ್ಕಪತ್ರ, ಹಿಂದೆ ದರೋಡೆಯಾಗಿದ್ದರೆ ಎಫ್‌ಐಆರ್, ಇಂಥವು ತೂಗುತ್ತವೆ. 'ಜೀವಭಯ ಇದೆ' ಎಂದು ಒಂದು ಸಾಲು ಬರೆದ ಅರ್ಜಿ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ಅಂಗಿ ಒಳಗ ಮುಚ್ಚಿಟ್ಕೊಂಡು ಓಡಾಡೋದು ಕಳ್ಳತನ ಆಗಂಗಿಲ್ಲೇನು? ಕಾಣೋ ಹಂಗ ಸೊಂಟಕ್ಕ ಕಟ್ಕೋಬೇಕಂತಾರಲ್ಲ?

ಇದನ್ನು ತಿರುವುಮುರುವಾಗಿ ತಿಳಿದವರೇ ಜಾಸ್ತಿ. ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಒಯ್ಯುವಾಗ ಅದು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು ಎಂದು 2016ರ ನಿಯಮಗಳೇ ಹೇಳುತ್ತವೆ. ಹೊರಗೆ ತೆಗೆದು ತೋರಿಸುವುದು, ಝಳಪಿಸುವುದು ನಿಷಿದ್ಧ, ಲೈಸೆನ್ಸೇ ಹೋಗಬಹುದು. ಹೋಟೆಲಿನ ಮೇಜಿನ ಮೇಲೆ ಇಟ್ಟು ಚಹಾ ಕುಡಿಯುವುದು, ಹುಡುಗರ ಜೊತೆ ಫೋಟೊ ಹೊಡೆಸಿಕೊಂಡು ಸ್ಟೇಟಸ್‌ಗೆ ಹಾಕುವುದು ಇವೆಲ್ಲ ಆ ಸಾಲಿನವೇ. ಆದ್ದರಿಂದ ಸಣ್ಣದನ್ನು ಆರಿಸುವುದು ಶೋಕಿಗಲ್ಲ. ಮುಚ್ಚಿದರೆ ಮುಚ್ಚಿಯೇ ಇರಬೇಕು ಅನ್ನುವುದಕ್ಕೆ.

ಲೈಸೆನ್ಸ್ ಇಲ್ದಿದ್ದು ಸಸ್ತಾ ಸಿಗ್ತದಂತ. ಸುಮ್ನ ಮನ್ಯಾಗ ಇಟ್ರ ಏನಾಗ್ತದ?

2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೆ ಜೈಲು. ನಾಡಪಿಸ್ತೂಲುಗಳ ಲೋಹಕ್ಕೂ ಅಳತೆಗೂ ಭರವಸೆ ಇಲ್ಲ. ಹಾರಿಸಿದವನ ಕೈಯಲ್ಲೇ ಒಡೆಯುತ್ತವೆ. ಈ ಪುಟದಲ್ಲಿ ಮುಂದೆ ಹೇಳಿರುವ ಯಾವ ಮಾತೂ ಅವಕ್ಕೆ ಅನ್ವಯಿಸುವುದಿಲ್ಲ.

## ಆಯ್ಕೆ

ಎಲ್ಲಾರೂ .32 ಅಂತಾರ. .38 ಇಲ್ಲಾ 9 ಎಂಎಂ ಯಾಕ ಬ್ಯಾಡ?

ಬೇಡ ಅನ್ನುವುದಲ್ಲ, ಸಿಗುವುದಿಲ್ಲ. ಬೋರ್ ಅಂದರೆ ನಳಿಕೆಯ ಒಳ ಅಳತೆ; .38, 9 ಎಂಎಂ, .45 ಇವು ನಮ್ಮ ದೇಶದಲ್ಲಿ ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. ಜಿಲ್ಲಾಧಿಕಾರಿ ಸಾಮಾನ್ಯ ನಾಗರಿಕರಿಗೆ ಕೊಡುವ ಲೈಸೆನ್ಸಿನಲ್ಲಿ ಬರುವುದಿಲ್ಲ. ಹೆಚ್ಚಾಗಿ ಉಳಿಯುವುದು .32 ಮತ್ತು .22.

.32 ರಿವಾಲ್ವರಿನ ಗುಂಡು ಸ್ಮಿತ್ ಆ್ಯಂಡ್ ವೆಸನ್ ಲಾಂಗ್ ಎಂಬ ಹಳೆಯ ಮಾದರಿಯದು, 7.65×23 ಮಿ.ಮೀ. ಎಂದೂ ಬರೆಯುತ್ತಾರೆ. ಜೋರು ಗುಂಡಲ್ಲ, ಒದೆತ ಕಡಿಮೆ. ಅಷ್ಟೇ ಕಾರಣಕ್ಕೆ ಸಣ್ಣ ರಿವಾಲ್ವರಿನಲ್ಲಿ ಹದ್ದುಬಸ್ತಿಗೆ ಬರುತ್ತದೆ, ಎರಡನೇ ಗುಂಡೂ ಇಟ್ಟ ಗುರಿಯ ಆಸುಪಾಸಿಗೆ ಹೋಗುತ್ತದೆ. ಒಂದು ಎಚ್ಚರ: ಪಿಸ್ತೂಲಿಗೂ .32 ಎಂಬ ಗುಂಡಿದೆ, ಅದು ಬೇರೆ. ಡಬ್ಬಿಯ ಮೇಲಿನ ಹೆಸರು ಪೂರ್ತಿ ಓದದೆ ಕಾಡತೂಸು ಕೊಳ್ಳಬೇಡಿ. ಹಳೆಯ ರಿವಾಲ್ವರಿನಲ್ಲಿ ಪಿಸ್ತೂಲಿನ ಗುಂಡು ಕೂತರೂ ಅದನ್ನು ಹಾರಿಸಬಾರದು.

ನಿರ್ಭೀಕ್, ಪ್ರಬಲ್, ಹಳೇ ಕಾನ್ಪುರದ್ದು. ಇವುಗಳೊಳಗ ಯಾವುದು ಛಲೋ, ಖರೇ ಹೇಳ್ರಿ.

ಸರ್ಕಾರಿ ಕಾರ್ಖಾನೆಯ ಹಳೆಯ ಕಾನ್ಪುರದ .32 ನಡುವಿನಲ್ಲಿ ಮುರಿದು ತೆರೆಯುವಂಥದ್ದು, ವೆಬ್ಲಿ ಎಂಬ ಹಳೆಯ ಬ್ರಿಟಿಷ್ ರಿವಾಲ್ವರಿನ ಚಹರೆ. ತೆರೆದ ಕೂಡಲೇ ಖಾಲಿ ಕೊಳವೆಗಳನ್ನು ತಾನೇ ಮೇಲಕ್ಕೆತ್ತುತ್ತದೆ. ಗಟ್ಟಿಮುಟ್ಟು, ಬಿಡಿಭಾಗ ತಿಳಿದ ಮಿಸ್ತ್ರಿಗಳೂ ಸಿಗುತ್ತಾರೆ. ದೋಷ ಅಂದರೆ ತೂಕ ಮತ್ತು ಬಿಗಿ ಟ್ರಿಗರ್.

ನಿರ್ಭೀಕ್ 2014ರಲ್ಲಿ ಬಂತು, ಹೆಣ್ಣುಮಕ್ಕಳಿಗೆಂದೇ ಹೇಳಿ ಮಾರುಕಟ್ಟೆಗೆ ತಂದರು. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 525 ಗ್ರಾಂ, ಆರು ಗುಂಡು. ಬಂದಾಗಲೇ ಬೆಲೆ ಒಂದು ಲಕ್ಷ ದಾಟಿತ್ತು. ತೆರೆಯುವ ರೀತಿ ಹಳೆಯದೇ.

ಪ್ರಬಲ್ 2023ರ ಆಗಸ್ಟಿನಲ್ಲಿ ಬಂತು. ಸರ್ಕಾರದ ಆಯುಧ ಕಾರ್ಖಾನೆಗಳ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿ 2021ರಲ್ಲಿ ಒಡೆದು ಕಂಪನಿಗಳಾದ ಮೇಲೆ ಹುಟ್ಟಿದ, ಕಾನ್ಪುರದಲ್ಲಿ ನೆಲೆಯಿರುವ ಸರ್ಕಾರಿ ಕಂಪನಿ ಇದನ್ನು ಮಾಡುತ್ತದೆ. ಗುಂಡಿಲ್ಲದೆ ಸುಮಾರು 700 ಗ್ರಾಂ, ನಳಿಕೆ 76 ಮಿ.ಮೀ., ಒಟ್ಟು ಉದ್ದ ಸುಮಾರು 178 ಮಿ.ಮೀ. ಇದರ ಸಿಲಿಂಡರ್, ಅಂದರೆ ಗುಂಡು ಕೂರುವ ಉರುಳೆ, ಪಕ್ಕಕ್ಕೆ ಹೊರಳುತ್ತದೆ. ಖಾಲಿ ಇದೆಯೋ ಇಲ್ಲವೋ ಎಂದು ನೋಡಲು ಇಡೀ ಚೌಕಟ್ಟು ಮುರಿಯಬೇಕಿಲ್ಲ. ದಿನಾ ತುಂಬಿ, ದಿನಾ ಖಾಲಿ ಮಾಡುವವನಿಗೆ ಇದು ಬಹಳ ದೊಡ್ಡ ಅನುಕೂಲ.

ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಪಕ್ಕಕ್ಕೆ ಹೊರಳುವ ಸಿಲಿಂಡರಿನದ್ದು. ಅಂಗೈ ಸಣ್ಣದು, ಬಟ್ಟೆ ತೆಳು, ತೂಕ ತಡೆಯುವುದಿಲ್ಲ ಅನ್ನುವವರಿಗೆ ನಿರ್ಭೀಕ್. ಹಳೆಯ ಕಾನ್ಪುರದ್ದು ಮನೆಯಲ್ಲಿ ಈಗಾಗಲೇ ಇದ್ದು ಸುಸ್ಥಿತಿಯಲ್ಲಿದ್ದರೆ ಬದಲಿಸುವ ಅವಸರ ಬೇಡ. .22ರ ನಿಡರ್ ಬರೀ 250 ಗ್ರಾಮಿನದು, ಮೈಮೇಲಿರುವುದೇ ಗೊತ್ತಾಗುವುದಿಲ್ಲ. ಆದರೆ .22ರಲ್ಲಿ ಮದ್ದು ಅಂಚಿನಲ್ಲಿರುವುದರಿಂದ ಸಿಡಿಯದೇ ಹೋಗುವ ಗುಂಡು ಹೆಚ್ಚು, ಪೆಟ್ಟೂ ಕಮ್ಮಿ. ಜೀವ ಕಾಯುವ ಕೆಲಸಕ್ಕೆ ನನ್ನ ಮನಸ್ಸು ಅದರ ಕಡೆ ಹೋಗುವುದಿಲ್ಲ.

ಹಗುರ ಇದ್ದಷ್ಟೂ ಛಲೋ ಅಲ್ಲೇನು?

ಒಯ್ಯಲು ಹೌದು, ಹೊಡೆಯಲು ಅಲ್ಲ. ಹ್ಯಾಮರ್ (ಗುಂಡಿನ ಬೆನ್ನಿಗೆ ಬಡಿಯುವ ಹಿಂದಿನ ಸುತ್ತಿಗೆ) ಎಳೆಯದೆ ನೇರ ಟ್ರಿಗರ್ ಒತ್ತಿದಾಗ ಬೆರಳಿನ ಮೇಲೆ ಬೀಳುವ ಭಾರ ರಿವಾಲ್ವರಿನ ತೂಕದ ಹಲವು ಪಟ್ಟು. ಆಯುಧ ಹಗುರವಾದಷ್ಟೂ ಆ ಎಳೆತಕ್ಕೆ ನಳಿಕೆಯ ತುದಿ ಅತ್ತಿತ್ತ ಸರಿಯುತ್ತದೆ, ಐದು ಹೆಜ್ಜೆ ದೂರದಲ್ಲೇ ಗುರಿ ತಪ್ಪುತ್ತದೆ. ಅಂಗಡಿಯಲ್ಲಿ ಖಾಲಿ ಎಂದು ಖಾತ್ರಿ ಮಾಡಿಕೊಂಡು, ಮಾಲೀಕರ ಒಪ್ಪಿಗೆ ಪಡೆದು, ಸುರಕ್ಷಿತ ದಿಕ್ಕಿಗೆ ಹಿಡಿದು ನಿಧಾನವಾಗಿ ಟ್ರಿಗರ್ ಒತ್ತಿ ನೋಡಿ. ನಳಿಕೆಯ ತುದಿಯ ಗುರಿಮಣಿ ಅಲುಗುತ್ತಿದ್ದರೆ ಆ ಹಿಡಿಕೆ ನಿಮ್ಮ ಕೈಗೆ ಒಗ್ಗಿಲ್ಲ. ಕಿರುಬೆರಳು ಹಿಡಿಕೆಯಿಂದ ಹೊರಗೆ ಜೋತಾಡುತ್ತಿದೆಯೇ, ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ತನಕ ಸಲೀಸಾಗಿ ಮುಟ್ಟುತ್ತದೆಯೇ, ಈ ಎರಡನ್ನು ನೋಡಿದರೆ ಅರ್ಧ ತೀರ್ಮಾನ ಆದಂತೆ.

ಪಿಸ್ತೂಲ್ ಚಪ್ಪಟಿ ಇರ್ತದ, ಮುಚ್ಚಿಡಾಕ ಸಸಾರ. ರಿವಾಲ್ವರೇ ಯಾಕ ಬೇಕು?

ಚಪ್ಪಟೆ ಅನ್ನುವುದು ನಿಜ. ಆದರೆ ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದ ಮೇಲೂ ನಳಿಕೆಯಲ್ಲಿ ಒಂದು ಗುಂಡು ಕೂತಿರಬಹುದು, ಮನೆಗಳಲ್ಲಿ ಆಗುವ ಎಷ್ಟೋ ಅನಾಹುತ ಅದರಿಂದಲೇ. ರಿವಾಲ್ವರಿನ ಸಿಲಿಂಡರ್ ತೆರೆದರೆ ಎಲ್ಲ ಖಾನೆಯೂ ಕಣ್ಣಿಗೆ ಕಾಣುತ್ತದೆ. ಒಂದು ಗುಂಡು ಸಿಡಿಯದಿದ್ದರೆ ಇನ್ನೊಮ್ಮೆ ಟ್ರಿಗರ್ ಒತ್ತಿದರೆ ಸಾಕು. ವರ್ಷಕ್ಕೆ ಕೆಲವೇ ಸಲ ಅಭ್ಯಾಸ ಮಾಡುವವರಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ.

ಹಳೇ ಮಾಲು ಕೊಳ್ಳೋವಾಗ ಏನೇನು ನೋಡಬೇಕು?

ವಿದೇಶದ ಹೊಸ ರಿವಾಲ್ವರುಗಳ ಆಮದು ಸಾಮಾನ್ಯರಿಗೆ ದಶಕಗಳಿಂದ ಬಂದ್ ಆಗಿರುವುದರಿಂದ ಹಳೆಯ ವೆಬ್ಲಿ, ಕೋಲ್ಟ್, ಸ್ಮಿತ್‌ಗಳಿಗೆ ವಿಪರೀತ ಬೆಲೆ. ಹೆಸರಿಗೆ ಮರುಳಾಗಬೇಡಿ.

ಮೊದಲು ಆಯುಧದ ಮೇಲಿನ ಸಂಖ್ಯೆ ಮಾರುವವರ ಲೈಸೆನ್ಸ್ ಪುಸ್ತಕದ ಸಂಖ್ಯೆಗೆ ಅಕ್ಷರ ಬಿಡದಂತೆ ತಾಳೆಯಾಗಬೇಕು. ಉಜ್ಜಿದ, ಮತ್ತೆ ಕೊರೆದ ಗುರುತು ಕಂಡರೆ ಎದ್ದು ಬನ್ನಿ. ಎರಡನೆಯದು, ಖಾಲಿ ಮಾಡಿ ಸಿಲಿಂಡರ್ ತೆರೆದು, ಅದರ ಹಿಂದೆ ನಳಿಕೆಯ ಬುಡಕ್ಕೆ ಬಿಳಿ ಕಾಗದದ ತುಂಡು ಹಿಡಿದು ಕಿಟಕಿಯ ಬೆಳಕು ಬೀಳಿಸಿ. ಮುಂದಿನಿಂದ ನೋಡಿದರೆ ಒಳಗಿನ ಸುತ್ತುಗೆರೆಗಳು ಚೂಪಾಗಿ ಹೊಳೆಯಬೇಕು; ಕಪ್ಪು ಚುಕ್ಕಿ, ಗುಳಿ ಕಂಡರೆ ತುಕ್ಕು ತಿಂದಿದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಿಲಿಂಡರ್ ಮುಚ್ಚಿ ಹ್ಯಾಮರನ್ನು ಹೆಬ್ಬೆರಳಿನಿಂದ ಬಹಳ ನಿಧಾನಕ್ಕೆ ಹಿಂದೆ ಎಳೆಯಿರಿ. ಹ್ಯಾಮರ್ ಕೊನೆಗೆ ಮುಟ್ಟುವಷ್ಟರಲ್ಲಿ ಸಿಲಿಂಡರ್ 'ಟಕ್' ಎಂದು ತನ್ನ ಜಾಗದಲ್ಲಿ ಕೂತಿರಬೇಕು. ಆರೂ ಖಾನೆಗೆ ಹೀಗೆ ಮಾಡಿ. ಒಂದು ಖಾನೆಯಲ್ಲಾದರೂ ತಡವಾಗಿ ಕೂತರೆ, ಕೂತ ಮೇಲೂ ಬೆರಳಿಗೆ ಗಡಗಡ ಅಲುಗಿದರೆ, ಗುಂಡು ನಳಿಕೆಯ ಬಾಯಿಗೆ ಓರೆಯಾಗಿ ಬಡಿದು ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ನಿಜಾಮರ ಕಾಲದ ಅಜ್ಜನ ವೆಬ್ಲಿ ವಾಡೇದಾಗ ಅದ. ಅದನ್ನೇ ಹಿಡ್ಕೊಂಡು ಓಡಾಡಬಹುದೇನು?

ಮೊದಲು ಬೋರ್ ಯಾವುದೆಂದು ತಿಳಿಯಬೇಕು. ಆ ಕಾಲದ ಎಷ್ಟೋ ವೆಬ್ಲಿಗಳು .455, .38ರವು, ಅಂದರೆ ನಿಷೇಧಿತ ಬೋರಿನವು. ಅಜ್ಜನ ಹೆಸರಿನ ಲೈಸೆನ್ಸ್ ನಿಮ್ಮದಾಗುವುದಿಲ್ಲ. ಲೈಸೆನ್ಸುದಾರ ತೀರಿಕೊಂಡರೆ ಆಯುಧವನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಜಮಾ ಮಾಡಿ ರಶೀದಿ ಪಡೆದು, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಬೇಕು. ಹಿರಿಯರು ಬದುಕಿದ್ದಾಗಲೇ, 70 ವರ್ಷ ದಾಟಿದ್ದರೆ ಅಥವಾ 25 ವರ್ಷ ಆಯುಧ ಇಟ್ಟುಕೊಂಡಿದ್ದರೆ, ವಾರಸುದಾರರಿಗೆ ಕೊಡಿಸಲು ನಿಯಮದಲ್ಲೇ ದಾರಿ ಇದೆ. ಮನೆಯ ಹಿರಿಯರು ಗಟ್ಟಿಯಿರುವಾಗಲೇ ಈ ಕೆಲಸ ಮುಗಿಸಿ. ಅಣ್ಣತಮ್ಮಂದಿರ ಪಾಲು ಬಿದ್ದ ಮೇಲೆ ಸಹಿ ಕೂಡಿಸುವುದು ಕಷ್ಟ.

## ಮೈಮೇಲೆ, ಮನೆಯಲ್ಲಿ

ನಾ ಧೋತರ, ನೆಹರೂ ಅಂಗಿ ಹಾಕ್ತೀನಿ. ಬೆಲ್ಟ್ ಇಲ್ಲ. ಎಲ್ಲಿ ಇಟ್ಕೊಳ್ಳಿ?

ಧೋತರದ ಗಂಟಿಗೆ ಸಿಕ್ಕಿಸುವುದು ಬೇಡವೇ ಬೇಡ, ಕೂತು ಏಳುವಾಗ ಜಾರುತ್ತದೆ. ಧೋತರದ ಒಳಗೆ ಅಗಲವಾದ ಹೊಟ್ಟೆಪಟ್ಟಿಯ ಹೋಲ್‌ಸ್ಟರ್ ಕಟ್ಟಿ, ಮೇಲೆ ಉದ್ದನೆಯ ಅಂಗಿ ಬಿಡಿ. ಪ್ಯಾಂಟಿನವರಿಗೆ ಗಟ್ಟಿ ಬೆಲ್ಟಿನ ಒಳಗಡೆ ಕೂರುವ ಹೋಲ್‌ಸ್ಟರ್ ವಾಸಿ. ಅಂಗಿಯ ಬಗಲ ಜೇಬಿನಲ್ಲಿ ಇಟ್ಟರೆ ಬಗ್ಗಿದಾಗ ಬೀಳುತ್ತದೆ. ಯಾವುದಾದರೂ ಸರಿ, ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು, ತಲೆಕೆಳಗು ಮಾಡಿದರೂ ಆಯುಧ ಉದುರಬಾರದು. ಆಯುಧ ಇರುವ ಜಾಗದಲ್ಲಿ ಕೀಲಿಕೈ, ಚಿಲ್ಲರೆ, ಅಡಿಕೆ ಚೀಲ ಇರಕೂಡದು. ಹ್ಯಾಮರಿನ ಕೊಕ್ಕೆ ಅಂಗಿಗೆ ಸಿಕ್ಕುತ್ತಿದ್ದರೆ ಅದನ್ನು ಮನೆಯಲ್ಲಿ ಅರದಿಂದ ಉಜ್ಜಬೇಡಿ, ಹೋಲ್‌ಸ್ಟರ್ ಬದಲಿಸಿ.

ನನ್ನ ಮನಿಯವರು ವ್ಯಾನಿಟಿ ಬ್ಯಾಗಿನಾಗ ಇಟ್ಕೋತೀನಿ ಅಂತಾರ. ನಡೀತದೇನು?

ಲೈಸೆನ್ಸ್ ಅವರದೇ ಹೆಸರಿನಲ್ಲಿದ್ದರೆ ಮಾತ್ರ. ಗಂಡನ ರಿವಾಲ್ವರನ್ನು ಹೆಂಡತಿ ಬ್ಯಾಗಿನಲ್ಲಿ ಒಯ್ದರೆ ಇಬ್ಬರಿಗೂ ಕೇಸು. ಬ್ಯಾಗ್ ಆದರೆ ಆಯುಧಕ್ಕೆ ಬೇರೆಯದೇ ಖಾನೆ, ಅದರೊಳಗೆ ಹೋಲ್‌ಸ್ಟರ್, ಪಟ್ಟಿ ಹೆಗಲಿಗೆ ಅಡ್ಡ ಹಾಕಿರಬೇಕು. ಬಸ್ಸಿನ ರ‍್ಯಾಕಿನ ಮೇಲೆ, ಮದುವೆಮನೆಯ ಕೋಣೆಯಲ್ಲಿ ಬ್ಯಾಗ್ ಬಿಟ್ಟುಬರುವ ರೂಢಿ ಇರುವವರು ಮೈಮೇಲೇ ಕಟ್ಟಿಕೊಳ್ಳಲಿ.

ಆರೂ ಗುಂಡು ತುಂಬ್ಲೋ, ಐದ ತುಂಬ್ಲೋ?

ಹ್ಯಾಮರಿಗೆ ಪೆಟ್ಟು ಬಿದ್ದರೂ ಗುಂಡು ಸಿಡಿಯದಂತೆ ತಡೆಯುವ ತುಂಡು ಒಳಗಿದೆಯೇ ಎಂದು ಬಲ್ಲ ಮಿಸ್ತ್ರಿಯಿಂದ ತೆರೆಸಿ ಕೇಳಿ. ಇದ್ದು, ಕೆಲಸ ಮಾಡುತ್ತಿದ್ದರೆ ಆರು. ಇಲ್ಲದಿದ್ದರೆ, ಸಂಶಯವಿದ್ದರೂ ಸಹ, ಹ್ಯಾಮರಿನ ಕೆಳಗಿನ ಖಾನೆ ಖಾಲಿ ಬಿಟ್ಟು ಐದು. ಹಳೆಯ ರಿವಾಲ್ವರ್ ಫರಸಿಕಲ್ಲಿನ ಮೇಲೆ ಕೈಜಾರಿ ಬಿದ್ದರೆ ಆ ಖಾಲಿ ಖಾನೆಯೇ ಕಾಯುವುದು.

ಬ್ಯಾಸಗಿಯಾಗ ಬೆವರು ಇಳೀತದ. ತುಕ್ಕು ಹಿಡಿಯೋದು ಹ್ಯಾಂಗ ತಪ್ಪಿಸೋದು?

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಮುಟ್ಟುವುದು ಮಾಮೂಲು. ಬೆವರಿನ ಉಪ್ಪು ಒಂದೇ ರಾತ್ರಿಯಲ್ಲಿ ಕೆಲಸ ತೋರಿಸುತ್ತದೆ. ಮೊದಲು ತುಕ್ಕು ಕಾಣುವುದು ಮೈಗೆ ತಾಗುವ ಬದಿಯ ಸಿಲಿಂಡರ್ ತೋಡಿನಲ್ಲಿ ಮತ್ತು ಹಿಡಿಕೆಯ ತಿರುಪಿನ ಸುತ್ತ. ಸಂಜೆ ಮನೆಗೆ ಬಂದ ಕೂಡಲೇ ಖಾಲಿ ಮಾಡಿ, ಒಣ ಹತ್ತಿ ಬಟ್ಟೆಯಿಂದ ಒರೆಸಿ, ಬಂದೂಕಿನ ಎಣ್ಣೆಯ ತೆಳು ಕೈ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಎಣ್ಣೆ ಕಾಡತೂಸಿಗೆ ತಾಗಬಾರದು, ಒಳಗೆ ಇಳಿದರೆ ಗುಂಡು ಸಿಡಿಯದೇ ಹೋಗಬಹುದು. ಚರ್ಮದ ಹೋಲ್‌ಸ್ಟರಿನಲ್ಲೇ ಬಿಟ್ಟು ಮಲಗಬೇಡಿ. ಚರ್ಮ ಬೆವರನ್ನು ಹೀರಿ ಇಟ್ಟುಕೊಂಡಿರುತ್ತದೆ, ಹಿತ್ತಾಳೆಯ ಕಾಡತೂಸಿಗೂ ಹಸಿರು ಕಿಲುಬು ತರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಡುವುದಂತೂ ಎರಡು ಪಟ್ಟು ತಪ್ಪು. ಕಳ್ಳನಿಗೂ ಅದೇ ಜಾಗ ಗೊತ್ತು.

ಮನ್ಯಾಗ ಸಣ್ಣ ಹುಡುಗ್ರು ಅದಾವ. ಟ್ರೆಜರಿಯೊಳಗ ಇಟ್ರ ಸಾಕೇನು?

ಟ್ರೆಜರಿಯ, ಅಂದರೆ ಕಬ್ಬಿಣದ ಕಪಾಟಿನ, ಕೀಲಿ ಎಲ್ಲಿದೆ ಎಂದು ಹುಡುಗರಿಗೆ ಗೊತ್ತಿದ್ದರೆ ಸಾಲದು. ಗೊತ್ತಿಲ್ಲ ಎಂದು ನಂಬುವ ತಂದೆತಾಯಿಗಳ ಮನೆಯಲ್ಲೇ ಅವರಿಗೆ ಗೊತ್ತಿರುತ್ತದೆ. ಗೋಡೆಗೆ ಬೋಲ್ಟ್ ಹಾಕಿದ ಸಣ್ಣ ಲಾಕರ್, ಆಯುಧ ಒಂದರಲ್ಲಿ, ಕಾಡತೂಸು ಬೇರೆ ಬೀಗದಲ್ಲಿ, ಎರಡೂ ಕೀಲಿ ನಿಮ್ಮ ಮೈಮೇಲೆ. ಮನೆಯಲ್ಲಿ ಯಾರಿಗಾದರೂ ಕುಡಿತದ ಚಟ ಇದ್ದರೆ, ಯಾರಾದರೂ ಮನಸ್ಸಿಗೆ ಹಚ್ಚಿಕೊಂಡು ಕುಗ್ಗಿದ್ದರೆ, ಸಾಲಕ್ಕೆ ಹೆದರಿ ಮಾತು ಬಿಟ್ಟು ಕೂತಿದ್ದರೆ, ಆಯುಧವನ್ನು ಆ ದಿನವೇ ಅಂಗಡಿಯಲ್ಲೋ ಠಾಣೆಯಲ್ಲೋ ಜಮಾ ಮಾಡಿ. ಆ ಮನುಷ್ಯ ನೀವೇ ಆಗಿದ್ದರೂ ಅಷ್ಟೇ. ಇದರಲ್ಲಿ ಮರ್ಯಾದೆ ಹೋಗುವುದು ಏನೂ ಇಲ್ಲ, ರಶೀದಿ ತೋರಿಸಿ ಮುಂದೆ ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು.

## ಲೈಸೆನ್ಸ್ ಇರುವವರ ಪ್ರಶ್ನೆಗಳು

ಬೀದರದಿಂದ ಹೈದರಾಬಾದಕ್ಕ ವಾರಾ ಹೋಗ್ತೀನಿ. ಜೊತಿಗೆ ಒಯ್ಯಬಹುದೇನು?

ಲೈಸೆನ್ಸ್ ಪುಸ್ತಕ ತೆರೆದು 'ವ್ಯಾಪ್ತಿ' ಕಾಲಂ ನೋಡಿ. ಕರ್ನಾಟಕ ಎಂದಷ್ಟೇ ಬರೆದಿದ್ದರೆ ಜಹೀರಾಬಾದ್ ಮುಟ್ಟುವ ಮೊದಲೇ ನಿಮ್ಮ ಲೈಸೆನ್ಸ್ ಮುಗಿಯಿತು. ನಮ್ಮ ಮೂರೂ ಜಿಲ್ಲೆಯವರಿಗೆ ಇದು ದಿನನಿತ್ಯದ ತೊಡಕು. ಕಲಬುರಗಿಯವರು ಅಕ್ಕಲಕೋಟೆ, ಸೊಲ್ಲಾಪುರ ಅಂತಾರೆ, ಬಸವಕಲ್ಯಾಣದವರು ಉಮರಗಾ, ಗುರುಮಠಕಲ್‌ನವರು ನಾರಾಯಣಪೇಟೆ. ಸ್ವಲ್ಪ ಹೊತ್ತಿನಲ್ಲೇ ರಾಜ್ಯ ದಾಟುತ್ತೇವೆ. ಷರತ್ತು ಮೀರಿದರೆ ಆರು ತಿಂಗಳವರೆಗೆ ಜೈಲಾಗಬಹುದು, ಮುಂದೆ ನವೀಕರಣಕ್ಕೂ ಕಲ್ಲು ಬೀಳುತ್ತದೆ. ವ್ಯಾಪಾರ ಗಡಿಯಾಚೆ ಇದ್ದರೆ ಅದರ ದಾಖಲೆ ಹಚ್ಚಿ ವ್ಯಾಪ್ತಿ ವಿಸ್ತರಿಸಲು ಅರ್ಜಿ ಹಾಕಿ. ವಿಮಾನದ ಕೈಚೀಲದಲ್ಲಿ ಆಯುಧಕ್ಕೂ ಗುಂಡಿಗೂ ಜಾಗವಿಲ್ಲ; ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ಕಾಡತೂಸಿಗೂ ವಿಮಾನ ನಿಲ್ದಾಣದಲ್ಲಿ ಕೇಸಾಗುತ್ತದೆ.

ಇಲೆಕ್ಷನ್ ಬಂದ್ರ ಜಮಾ ಮಾಡು ಅಂತಾರ. ಮಾಡ್ಲೇಬೇಕೇನು?

ನಿಮ್ಮ ಹೆಸರಿಗೆ ಆದೇಶ ಬಂದರೆ ಮಾಡಲೇಬೇಕು. ವಿನಾಯಿತಿ ಬೇಕಿದ್ದರೆ ಗಡುವಿನ ಮೊದಲೇ ಕಾರಣ ಸಹಿತ ಅರ್ಜಿ ಕೊಡಿ. ಜಮಾ ಮಾಡುವಾಗ ರಶೀದಿಯಲ್ಲಿ ಆಯುಧದ ಸಂಖ್ಯೆ ಮತ್ತು ಆಗಿನ ಸ್ಥಿತಿ ಬರೆಸಿ, ನಾಲ್ಕು ಬದಿಯ ಫೋಟೊ ತೆಗೆದಿಡಿ. ಎಣ್ಣೆ ಸವರಿ ಕೊಡಿ, ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತಿರುತ್ತದೆ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಮೈಲಾಪುರದ ಗದ್ದಲಕ್ಕೆ ಹೋಗುವಾಗ ಆದೇಶ ಇಲ್ಲದಿದ್ದರೂ ಮನೆಯಲ್ಲೇ ಬೀಗ ಹಾಕಿ ಹೋಗಿ. ಆ ನೂಕುನುಗ್ಗಲಿನಲ್ಲಿ ಆಯುಧದ ಮೇಲೆ ನಿಮ್ಮ ಹಿಡಿತ ಇರುವುದಿಲ್ಲ.

ಮದುವಿಯೊಳಗ ಮ್ಯಾಲಕ್ಕ ಒಂದು ಹಾರಿಸಿದ್ರ ಏನಾಗ್ತದ?

ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸುವುದು 2019ರಿಂದ ಪ್ರತ್ಯೇಕ ಅಪರಾಧ: ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಯಾರದೋ ಮಾಳಿಗೆಯ ಮೇಲೆ ಮಲಗಿದ ಮಗುವಿನ ಮೇಲೆ ಬೀಳಬಹುದು.

ಅಭ್ಯಾಸ ಎಲ್ಲಿ ಮಾಡೋದು? ನಮ್ಮ ಹೊಲದಾಗ ಡಬ್ಬಿ ಇಟ್ಟು ಹೊಡೀಲೇನು?

ಬೇಡ. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಮಾತ್ರ. ಕಾಡತೂಸು ಲೈಸೆನ್ಸಿನಲ್ಲಿ ಬರೆದಷ್ಟೇ ಸಿಗುತ್ತದೆ, ದುಬಾರಿಯೂ ಹೌದು; ಅದಕ್ಕೇ ಮನೆಯಲ್ಲಿ ಡಮ್ಮಿ (ಮದ್ದಿಲ್ಲದ ನಕಲಿ) ಗುಂಡಿನ ಅಭ್ಯಾಸ ಬಹಳ ಬೆಲೆಯುಳ್ಳದ್ದು. ನಿಜ ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ, ಖಾನೆಗಳನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಕಲ್ಲುಗೋಡೆಯ ಕಡೆ ಹಿಡಿದು ಗುರಿಮಣಿ ಅಲುಗದಂತೆ ಟ್ರಿಗರ್ ಒತ್ತುವುದನ್ನು ಕಲಿಯಿರಿ. ವರ್ಷದಲ್ಲಿ ಮೈಮೇಲೆ ಒಯ್ದ ಹಳೆಯ ಗುಂಡುಗಳನ್ನು ರೇಂಜಿನಲ್ಲಿ ಖರ್ಚು ಮಾಡಿ ಹೊಸವನ್ನು ತುಂಬಿ. ಹಾರಿಸಿದ್ದರ ಲೆಕ್ಕ ಒಂದು ವಹಿಯಲ್ಲಿರಲಿ.

ಯಾವಾಗ ಹಾರಿಸಬಹುದು? ಹಾರಿಸಿದ ಮ್ಯಾಲ ಏನು ಮಾಡಬೇಕು?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಸಾವು ಅಥವಾ ಭಾರಿ ಗಾಯ ಆಗುತ್ತದೆ ಎಂಬ ನ್ಯಾಯವಾದ ಭಯ, ಅತ್ಯಾಚಾರ, ಅಪಹರಣದಂಥ ಹಲ್ಲೆಯ ಹೊತ್ತಿನಲ್ಲಿ ಎದುರಾಳಿಯ ಜೀವ ಹೋದರೂ ಹಕ್ಕು ಉಳಿಯುತ್ತದೆ. ಸ್ವತ್ತಿನ ವಿಷಯದಲ್ಲಿ ದರೋಡೆ, ರಾತ್ರಿ ಮನೆಗೆ ಕನ್ನ ಮುಂತಾದ ಕೆಲವೇ ಸಂದರ್ಭಗಳಲ್ಲಿ. ಪೊಲೀಸರ ಬಳಿ ಹೋಗಲು ಸಮಯವಿದ್ದರೆ ಈ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕೂ ಇಲ್ಲ. ಹೊಲದ ಬದುವಿನ ಜಗಳ, ಬಾಕಿ ವಸೂಲಿ, ಬೈಗುಳ, ಓಡಿಹೋಗುತ್ತಿರುವ ಕಳ್ಳನ ಬೆನ್ನು ಇವು ಯಾವುವೂ ಇದರೊಳಗೆ ಬರುವುದಿಲ್ಲ. ಓಡಿ ಪಾರಾಗುವ, ಹಣದ ಚೀಲ ಕೊಟ್ಟು ಜೀವ ಉಳಿಸಿಕೊಳ್ಳುವ ದಾರಿ ಕಂಡರೆ ಅದನ್ನೇ ಹಿಡಿಯಿರಿ.

ಹಾರಿಸಬೇಕಾಗಿ ಬಂದರೆ, ಅಪಾಯ ತಪ್ಪಿದ ಕೂಡಲೇ 112ಕ್ಕೆ ಫೋನ್ ಮಾಡಿ, ಗಾಯಗೊಂಡವನಿಗೂ ಆಂಬುಲೆನ್ಸ್ ಕರೆಯಿರಿ. ಬಿದ್ದ ಚಾಕು, ಚಪ್ಪಲಿ, ರಕ್ತ ಯಾವುದನ್ನೂ ಮುಟ್ಟಬೇಡಿ, ಸಿಲಿಂಡರಿನ ಖಾಲಿ ಕೊಳವೆಗಳನ್ನೂ ತೆಗೆಯಬೇಡಿ. ಆಯುಧವನ್ನು ಪೊಲೀಸರಿಗೆ ಒಪ್ಪಿಸುವಾಗ ಅದರ ಸಂಖ್ಯೆ, ಉಳಿದ ಗುಂಡುಗಳ ಎಣಿಕೆ ಪಂಚನಾಮೆಯಲ್ಲಿ ಬಂದಿದೆಯೇ ಎಂದು ಓದಿ ನೋಡಿ, ವಕೀಲರು ಬರುವವರೆಗೆ ಉಳಿದ ಹೇಳಿಕೆಗೆ ಸಮಯ ಕೇಳಿ.